ಬದನೆಕಾಯಿಯಿಂದ ಬೀಗತಿಯವರೆಗೆ ನನ್ನ ನರ್ಸಿಂಗ್

ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಆದರೆ ಬೇರೆಯವರ ತಪ್ಪು ಯಾವುದೋ ಮೂಲೆಯಲ್ಲಿ, ಯಾರಿಗೂ ಕಾಣದಂತೆ ಆಗಿ ಮುಗಿಯುತ್ತದೆ. ನನ್ನದು ಮಾತ್ರ ಡಾಕ್ಟರು ರೌಂಡಿಗೆ ಬಂದಾಗಲೋ, ಓಣಿಯ ಮಂದಿ ಪೂರಾ ಸೇರಿದಾಗಲೋ ಆಗುತ್ತದೆ. ನರ್ಸಿಂಗ್ ಕಲಿಯಲು ಹುಕ್ಕೇರಿಯಿಂದ ಗೋಕಾಕಕ್ಕೆ ಬಂದ ದಿನದಿಂದ ಇದು ತಪ್ಪದೆ ನಡೆದುಕೊಂಡು ಬಂದಿದೆ.

ನಾನು ದಡ್ಡಿಯೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆದು ಎಲ್ಲ ಕೋಣೆಗಳಿಗೂ ಸರಿಯಾಗಿ ಹೆಸರು ಹಾಕಿ ಬಂದವಳು. ಆದರೆ ಪುಸ್ತಕದ ರೋಗಿಗೆ ಬಾಯಿಲ್ಲ, ನೆಂಟರಿಲ್ಲ, ಬುತ್ತಿ ಕಟ್ಟಿಕೊಂಡು ಬರುವವರಿಲ್ಲ. ಆಸ್ಪತ್ರೆಯ ರೋಗಿಗೆ ಇವೆಲ್ಲ ಇರುತ್ತವೆ, ಅದೂ ಒಮ್ಮೆಲೇ. ಹೀಗಾಗಿ ಈ ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ ಅನ್ನುವ ಹುಳ ಬಹಳ ಬೇಗ ತಲೆ ಹೊಕ್ಕಿತು. ಹುಕ್ಕೇರಿಯಲ್ಲಿ ಸೋದರಮಾವನ ಸೀರೆ ಅಂಗಡಿ ಇದೆ. ಅವ್ವ ಪ್ರತಿ ಫೋನಿನಲ್ಲೂ, "ಆಗಲಿಲ್ಲಂದ್ರ ಸುಮ್ನ ಬಂದುಬಿಡು. ಮಾಮಾನ ಅಂಗಡ್ಯಾಗ ಸೀರಿ ಮಡಚಾಕ ಒಬ್ಬಾಕಿ ಬೇಕಾಗ್ಯಾಳ" ಎನ್ನುತ್ತಿದ್ದಳು. ಅವಳು ಹೇಳುತ್ತಿದ್ದದ್ದು ಸಮಾಧಾನಕ್ಕೆ. ನನಗದು ತೀರ್ಪಿನ ಹಾಗೆ ಕೇಳಿಸುತ್ತಿತ್ತು. ಸೀರೆಯನ್ನು ತಪ್ಪಾಗಿ ಮಡಚಿದರೆ ಯಾರ ಜೀವಕ್ಕೂ ಅಪಾಯವಿಲ್ಲವಲ್ಲ ಅಂತ ನಾನೂ ಮನಸ್ಸಿನಲ್ಲೇ ಎಷ್ಟೋ ಸಲ ಅಂಗಡಿಯ ಗಾದಿಯ ಮೇಲೆ ಹೋಗಿ ಕುಳಿತು ಬಂದಿದ್ದೇನೆ.

ಒಳ್ಳೆಯ ಪೇಶಂಟ್

ಕಾಲೇಜಿನಲ್ಲಿ ಸೂಜಿ ಮಾಡುವುದನ್ನು ಮೊದಲು ರಬ್ಬರಿನ ಗೊಂಬೆಯ ಮೇಲೆ ಕಲಿಸುತ್ತಾರೆ. ಇಡೀ ಕ್ಲಾಸಿಗೆ ಒಂದೇ ಗೊಂಬೆ. ನನ್ನ ಪಾಳಿ ಬರುವಷ್ಟರಲ್ಲಿ ಅದರ ತೋಳು ಜರಡಿಯಾಗಿರುತ್ತಿತ್ತು. ರಜೆಗೆ ಊರಿಗೆ ಹೋದಾಗ ಮನೆಯಲ್ಲೇ ಕೈ ಪಳಗಿಸಿಕೊಳ್ಳೋಣ ಅಂತ ಮೆಡಿಕಲ್ ಅಂಗಡಿಯಿಂದ ಸಿರಿಂಜು ತಂದೆ. ತಮ್ಮ ತೋಳು ಕೊಡಲಿಲ್ಲ. ಅಪ್ಪ ಸಿರಿಂಜು ಕಂಡದ್ದೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಕೊನೆಗೆ ಉಳಿದದ್ದು ಅಡುಗೆಮನೆಯ ಬುಟ್ಟಿಯಲ್ಲಿದ್ದ ಬದನೆಕಾಯಿ.

ಬದನೆಕಾಯಿಯಂಥ ಒಳ್ಳೆಯ ಪೇಶಂಟ್ ಇನ್ನೊಂದಿಲ್ಲ. ಹೊರಗೆ ಬಿಗಿ, ಒಳಗೆ ಮೆತ್ತಗೆ, ಚೀರುವುದಿಲ್ಲ. ಸಂತೆಯಿಂದ ಅವ್ವ ತಂದಿದ್ದ ಅಷ್ಟಕ್ಕೂ ಒಂದಾದ ಮೇಲೊಂದರಂತೆ ನೀರು ಏರಿಸಿದೆ. ಪ್ರತಿಯೊಂದಕ್ಕೂ "ನೋವಾಗೂದಿಲ್ರಿ, ಮೈ ಸಡಿಲ ಬಿಡ್ರಿ" ಎಂದು ಹೇಳಿಯೇ ಚುಚ್ಚಿದೆ. ಅದನ್ನೂ ರೂಢಿ ಮಾಡಿಕೊಳ್ಳಬೇಕಲ್ಲ. ಆಮೇಲೆ ಒರೆಸಿ ಬುಟ್ಟಿಗೆ ಹಾಕಿ ಮರೆತುಬಿಟ್ಟೆ.

ಮರುದಿನ ಮನೆಗೆ ನೆಂಟರು ಬಂದರು. ಅವ್ವ ಎಣ್ಣೆಗಾಯಿ ಮಾಡಲು ಕುಳಿತಳು. ಸೀಳುವಾಗ ನೀರು ಸೋರಿತು. ಯಾವುದೋ ಹೊಸ ತಳಿ ಇರಬೇಕೆಂದುಕೊಂಡು ಶೇಂಗಾ ಮಸಾಲೆ ತುಂಬಿ ಕಾದ ಎಣ್ಣೆಗೆ ಬಿಟ್ಟಳು. ಬದನೆಕಾಯಿಗಳು ದೀಪಾವಳಿ ಶುರು ಮಾಡಿದವು. ಅವ್ವ ತಾಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಅಲ್ಲಿಂದಲೇ ಕೂಗಿದಳು.

"ಈ ಬದನಿಕಾಯಿಗೆ ಏನ ಮಾಡೀದಿ, ಖರೆ ಹೇಳು!"

"ಸೂಜಿ ಮಾಡೇನಿ ಬೇ. ಬರೇ ನೀರಿಂದ."

ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ ನೆಂಟರು ಒಬ್ಬೊಬ್ಬರಾಗಿ ತಾಟು ಸರಿಸಿದರು. ಆ ದಿನ ಎಲ್ಲರೂ ಮೊಸರು ರೊಟ್ಟಿ ತಿಂದು ಎದ್ದರು. ಎಣ್ಣೆಗಾಯಿ ಮುಟ್ಟಿದವಳು ನಮ್ಮ ಅಜ್ಜಿ ಒಬ್ಬಳೇ. ಕಾಲಿಗೆ ಮೊಳೆ ಚುಚ್ಚಿಸಿಕೊಂಡು, ಡಾಕ್ಟರು ಟಿಟಿ ಹಾಕಿಸಿಕೊಳ್ಳಿ ಅಂದರೂ ಸೂಜಿಗೆ ಹೆದರಿ ಮನೆಯಲ್ಲೇ ಅಡಗಿ ಕುಳಿತಿದ್ದಳು. ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು, ಬೆರಳು ನೆಕ್ಕಿ, ನನ್ನ ಕಿವಿಯಲ್ಲಿ ಕೇಳಿದಳು:

"ಇಷ್ಟ ತಿಂದ್ರ ಸಾಕಲ್ಲ? ಇನ್ನ ನನಗ ಬ್ಯಾರೆ ಸೂಜಿ ಬ್ಯಾಡಲ್ಲ?"

ಸದ್ಯಕ್ಕ ಇಕಿ

ವಾರ್ಡಿನಲ್ಲಿ ನನಗೆ ಮೊದಲು ಸಿಕ್ಕವರು ಮೇಲವಂಕಿಯ ರೈತರೊಬ್ಬರು. ಕಬ್ಬು ಕಡಿಯುವಾಗ ಕುಡುಗೋಲು ಕಾಲಿಗೆ ತಾಗಿತ್ತು. ವಾರ್ಡಿನ ಹಿರಿಯ ಸಿಸ್ಟರ್ ಡ್ರೆಸ್ಸಿಂಗ್ ಮಾಡುವುದು, ನಾನು ಟ್ರೇ ಹಿಡಿದು ನಿಲ್ಲುವುದು, ಇಷ್ಟೇ ಕೆಲಸ. ಈ ಹಿರಿಯ ಸಿಸ್ಟರ್ ಬಗ್ಗೆ ಒಂದು ಮಾತು. ಅವರು ಬೈಯುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಸುಮ್ಮನೆ ನೋಡುತ್ತಾರೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸುತ್ತದೆ.

ರೈತರಿಗೆ ನಾನು ಧೈರ್ಯ ಹೇಳುತ್ತಿದ್ದೆ. "ಕಾಕಾ, ಆಚೆಕಡೆ ನೋಡ್ರಿ. ಗಾಯ ನೋಡಬ್ಯಾಡ್ರಿ. ಹೆದರಬಾರ್ದು." ಕಾಕಾ ಆಚೆಕಡೆ ನೋಡಿದರು. ಗಾಯ ನೋಡಲು ಉಳಿದವಳು ನಾನೊಬ್ಬಳೇ. ಪಟ್ಟಿ ಬಿಚ್ಚಿದ್ದಷ್ಟೇ ನೆನಪು; ಆಮೇಲೆ ಟ್ರೇ ಎಲ್ಲೋ ಟಣ್ಣೆಂದಿತು.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಯಾರೋ ಗುದ್ದಿ ಒಡೆದ ಉಳ್ಳಾಗಡ್ಡಿಯನ್ನು ನನ್ನ ಮೂಗಿಗೆ ಒತ್ತಿ ಹಿಡಿದಿದ್ದರು. ಪಕ್ಕದ ಕಾಟಿನವರಿಗೆ ಬುತ್ತಿ ತಂದಿದ್ದ ಅಜ್ಜಿ ಕೊಟ್ಟದ್ದಂತೆ. ಕಾಕಾ ಒಂಟಿ ಕಾಲಿನ ಮೇಲೆ ಕುಪ್ಪಳಿಸಿ ಕೆಳಗಿಳಿದು, ಟವೆಲಿನಿಂದ ನನಗೆ ಗಾಳಿ ಹಾಕುತ್ತಿದ್ದರು. ಸುತ್ತ ಇಡೀ ವಾರ್ಡಿನ ಮಂದಿ. ಅದೇ ಹೊತ್ತಿಗೆ ಡಾಕ್ಟರು ರೌಂಡಿಗೆ ಬಂದರು. ಗುಂಪು ಸರಿಸಿ, "ಏನ್ರಿ ಇದು? ಪೇಶಂಟ್ ಯಾರಿಲ್ಲೆ?" ಎಂದು ಗದರಿದರು.

ಕಾಕಾ ಗಾಳಿ ಹಾಕುವುದನ್ನು ನಿಲ್ಲಿಸದೆ ನನ್ನನ್ನು ತೋರಿಸಿ ಹೇಳಿದರು, "ಸದ್ಯಕ್ಕ ಇಕಿ ರೀ. ನಂದು ಆಮ್ಯಾಲ ನೋಡೀರಂತ."

ಮೊದಲಿಂದೇ ಚಲೋ ಇತ್ತು

ಗೋಕಾಕ ಫಾಲ್ಸಿನ ಕಡೆಯಿಂದ ಬರುವ ನೂಲಿನ ಗಿರಣಿಯ ಹಳೆಯ ಕಾಕಾಗಳನ್ನು ನೋಡಿದರೆ ನನಗೆ ಪ್ರೀತಿ, ಮಾತಾಡಿಸಲು ಹೆದರಿಕೆ. ಜೀವಮಾನವಿಡೀ ಯಂತ್ರಗಳ ಸದ್ದಿನ ನಡುವೆ ಮಾತಾಡಿದವರು ಅವರು. ಪಿಸುಮಾತಿನಲ್ಲಿ ಹೇಳಿದರೂ ಅದು ಬಸ್ ಸ್ಟ್ಯಾಂಡಿಗೆ ಮುಟ್ಟುತ್ತದೆ.

ನನ್ನ ಮೊದಲ ನಿಜವಾದ ಸೂಜಿ ಜ್ವರ ಬಂದಿದ್ದ ಅಂಥ ಒಬ್ಬ ಕಾಕಾನಿಗೆ. ಹಿರಿಯ ಸಿಸ್ಟರ್ ಎದುರಿಗೇ ನಿಂತಿದ್ದರು. ಔಷಧಿ ಬಾಟಲಿಯ ಮುಚ್ಚಳವನ್ನು ಎರಡು ಸಲ ಕೆಳಗೆ ಬೀಳಿಸಿದೆ. ಕಾಕಾ ಅದನ್ನು ನೋಡಿಬಿಟ್ಟರು.

"ಹೆದರಬ್ಯಾಡ ತಂಗೀ! ಅಳಬ್ಯಾಡ! ನಾ ಅದೇನಿ!"

ಮುಂದಿನ ವಾರ್ಡಿನವರೂ ಬಾಗಿಲಿಗೆ ಬಂದು ಇಣುಕಿದರು. ಸೂಜಿ ಸೊಂಟಕ್ಕೆ ಮಾಡಬೇಕು. ಕಾಕಾ ಉಟ್ಟದ್ದು ಕಚ್ಚೆ ಹಾಕಿದ ದಪ್ಪ ಧೋತರ. ಪೂರಾ ಸರಿಸಿರಿ ಅನ್ನಲು ನನಗೆ ನಾಚಿಕೆ. "ಸ್ವಲ್ಪ ಸರಸ್ರಿ" ಅಂದೆ. ಕಾಕಾ ಸ್ವಲ್ಪವೇ ಸರಿಸಿದರು. ನಾನು ಅರ್ಧ ಕಣ್ಣು ಮುಚ್ಚಿ ಚುಚ್ಚಿದೆ, ಔಷಧಿ ಏರಿಸಿದೆ, ತೆಗೆದೆ. ಕಾಕಾ ಮಿಸುಕಲಿಲ್ಲ.

"ನೋವಾತೇನ್ರಿ ಕಾಕಾ?"

"ಆತೇನು? ನನಗ ಗೊತ್ತೇ ಆಗ್ಲಿಲ್ಲಲ್ಲ! ಇಂಥಾ ಸೂಜಿ ನನ್ನ ಜನ್ಮದಾಗ ಕಂಡಿಲ್ಲ! ಎಲ್ಲಾರೂ ಇಕಿ ಕಡಿಂದ ಮಾಡಿಸ್ಕೋರಿ!"

ವಾರ್ಡಿನಲ್ಲಿ ಚಪ್ಪಾಳೆ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಂತೂ ಗೆದ್ದೆ, ಸಂಜೆ ಅವ್ವನಿಗೆ ಫೋನ್ ಮಾಡಬೇಕು ಅಂದುಕೊಳ್ಳುತ್ತಿರುವಾಗ ಹಿರಿಯ ಸಿಸ್ಟರ್ ಮುಂದೆ ಬಂದು ಧೋತರದ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಒದ್ದೆಯಾಗಿತ್ತು. ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಜ್ವರ ಧೋತರಕ್ಕ ಬಂದಿತ್ತೇನು?" ಅಂತ ಕೇಳಿದರು.

ಡಾಕ್ಟರನ್ನು ಕೇಳಿಕೊಂಡು ಬಂದು ಮತ್ತೆ ಸೂಜಿ ಮಾಡಬೇಕಾಯಿತು. ಈ ಸಲ ನಾಚಿಕೆ ಬಿಟ್ಟು ಧೋತರ ಸರಿಸಿ, ಜಾಗ ಒರೆಸಿ, ಎರಡೂ ಕಣ್ಣು ತೆರೆದು ಮಾಡಿದೆ. ಸೂಜಿ ಸರಿಯಾದ ಜಾಗಕ್ಕೇ ಹೋಯಿತು. ಹೋಯಿತೆಂಬುದು ಇಡೀ ಗೋಕಾಕಿಗೆ ಗೊತ್ತಾಯಿತು.

"ಅಯ್ಯಯ್ಯೋ! ಮೊದಲಿಂದೇ ಚಲೋ ಇತ್ತಲ್ಲ ತಂಗೀ!"

ಇನ್ನೊಮ್ಮೆ ನೋಡ್ರಿ

ಮುಂದೆ ಮನೆ ಮನೆಗೆ ಹೋಗಿ ಬಿಪಿ ನೋಡುವ ಕೆಲಸಕ್ಕೆ ನಮ್ಮನ್ನು ಮೂಡಲಗಿಗೆ ಕಳಿಸಿದರು. ಹಿರಿಯ ಸಿಸ್ಟರ್ ಓಣಿಯ ತುದಿಯ ಮನೆಯಲ್ಲಿ ಕುಳಿತರು. ನಾವು ಹುಡುಗಿಯರು ಒಂದೊಂದು ಮನೆ ಹೊಕ್ಕೆವು. ನನಗೆ ಸಿಕ್ಕದ್ದು ಒಂದು ಬಟ್ಟೆ ವ್ಯಾಪಾರಸ್ಥರ ಮನೆ. ದಾದಿಮಾ, ಅಂದರೆ ಮನೆಯ ಹಿರಿಯಜ್ಜಿ, ದಿವಾನದ ಮೇಲೆ ತಕ್ಕಡಿ ತೂಗಿದ ಹಾಗೆ ನೆಟ್ಟಗೆ ಕುಳಿತಿದ್ದರು. "ಬಾ ಬೇಟಿ, ಮೊದಲ ಚಾ ಕುಡಿ" ಅಂದರು. ಸೊಸೆಯಂದಿರು, ಮೊಮ್ಮಕ್ಕಳು, ಆಚೆಮನೆ ಈಚೆಮನೆಯವರು ಎಲ್ಲ ಸೇರಿದರು. ನನಗೆ ಮಂದಿ ಸೇರಿದರೆ ಏನಾಗುತ್ತದೆಂಬುದನ್ನು ಮೊದಲೇ ಹೇಳಿದ್ದೇನೆ.

ದಾದಿಮಾರ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ತೋಳು ಬದಲಿಸಿದೆ. ಅಲ್ಲೂ ಸದ್ದಿಲ್ಲ. ನನ್ನ ಬೆವರು ಅವರ ಕೈಮೇಲೆ ಬಿತ್ತು.

"ಏನಾತು ಬೇಟಿ? ಯಾಕ ಸುಮ್ನ ಆದಿ?"

"ಏನೂ... ಏನೂ ಕೇಳಿಸ್ವಲ್ದರಿ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ದಾದಿಮಾ ಎದೆಯ ಮೇಲೆ ಕೈ ಇಟ್ಟುಕೊಂಡರು. "ಮುಂಜಾನಿಂದ ನನಗೂ ಹಂಗ ಅನಸಾಕತ್ತಿತ್ತು" ಅಂದರು. ಹಿರಿಯ ಸೊಸೆ ಅಳಲು ಶುರು ಮಾಡಿದಳು. ಮೊಮ್ಮಗನೊಬ್ಬ ಅಂಗಡಿಯಿಂದ ಅಪ್ಪನನ್ನು ಕರೆಯಲು ಓಡಿದ. ದಾದಿಮಾ ಮಾತ್ರ ಬಹಳ ಶಾಂತವಾಗಿ ದಿಂಬಿಗೆ ಒರಗಿ, ಎಲ್ಲರನ್ನೂ ಹತ್ತಿರ ಕರೆದು, ಯಾರಿಗೆ ಏನು ಅಂತ ಹೇಳತೊಡಗಿದರು. ಹೊಲಿಗೆ ಮಷಿನ್ನು ಹಿರಿಯಳಿಗೆ. ಎಮ್ಮೆ ಮಗಳಿಗೆ. ಕೈಯಲ್ಲಿದ್ದ ಬಂಗಾರದ ಪಾಟ್ಲಿ ಬಿಚ್ಚಿ ಕಿರಿಯ ಸೊಸೆಯ ಕೈಗೆ ಇಟ್ಟರು. "ನೀ ನನ್ನ ಕಾಲ ಒತ್ತೀದಿ. ಇದು ನಿನಗ."

ಅಷ್ಟರಲ್ಲಿ ಹಿರಿಯ ಸಿಸ್ಟರ್ ಅಳು ಕೇಳಿ ಓಡಿಬಂದರು. ನನ್ನ ಕೈಯಿಂದ ಸ್ಟೆತಾಸ್ಕೋಪ್ ಇಸಿದುಕೊಂಡು ಅದರ ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿದರು. ಅದನ್ನು ಎರಡೂ ಕಡೆ ತಿರುಗಿಸಬಹುದು. ತಪ್ಪು ಕಡೆ ತಿರುಗಿಸಿದರೆ ಆನೆಯ ಎದೆಗೆ ಇಟ್ಟರೂ ಸದ್ದು ಬರುವುದಿಲ್ಲ. ನನ್ನದು ತಪ್ಪು ಕಡೆ ಇತ್ತು. ಅವರು ಬಿಪಿ ನೋಡಿ, "ದಾದಿಮಾ, ನಿಮ್ಮ ಬಿಪಿ ಹುಡುಗ್ಯಾರಗತೆ ಐತ್ರಿ. ಏನೂ ಆಗಿಲ್ಲ" ಅಂದರು.

ಮನೆ ತುಂಬ ನಗು. ದಾದಿಮಾ ಎದ್ದು ಕುಳಿತು, ಕಿರಿಯ ಸೊಸೆಯ ಮುಂದೆ ಕೈ ಚಾಚಿ ಪಾಟ್ಲಿ ವಾಪಸ್ ಹಾಕಿಸಿಕೊಂಡರು. ನಾನು ಸಾಮಾನು ಕಟ್ಟಿಕೊಂಡು ಹೊಸ್ತಿಲು ದಾಟುವಾಗ ಆ ಸೊಸೆ ಹಿಂದಿನಿಂದ ಬಂದು ನನ್ನ ತೋಳು ಹಿಡಿದಳು.

"ಸಿಸ್ಟರ್, ಅವಸರ ಮಾಡಬ್ಯಾಡ್ರಿ. ನೀವ ಇನ್ನೊಮ್ಮೆ ನೋಡ್ರಿ. ಮೊದಲ ನೋಡಿದ್ದ ಮಷಿನ್‌ನಿಂದನ ನೋಡ್ರಿ."

ಬೀಗತಿ

ಮೂಡಲಗಿಯಿಂದ ಬಂದ ಮೇಲೆ ಹಿರಿಯ ಸಿಸ್ಟರ್ ನನ್ನನ್ನು ಕರೆದು ಒಂದೇ ಮಾತು ಹೇಳಿದರು. "ಇನ್ನೊಂದ ತಪ್ಪಾತಂದ್ರ ನಾ ಕಾಲೇಜಿಗೆ ಹೇಳೂದ ಆಗತೈತಿ. ನೀನೂ ವಿಚಾರ ಮಾಡು, ಇದು ನಿನಗ ಆಗತೈತೋ ಇಲ್ಲೋ." ಆ ರಾತ್ರಿ ನಾನು ಅವ್ವನಿಗೆ ಫೋನ್ ಮಾಡಿ, ವಾರ ಕಳೆದ ಮೇಲೆ ಬರುತ್ತೇನೆ ಅಂದೆ. ಅವ್ವ ಯಾಕೆ ಅಂತ ಕೇಳಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಕೇಳಬೇಕಾಗಿತ್ತು.

ಆ ವಾರ ನಾನು ಹೆಂಗಸರ ವಾರ್ಡಿನಲ್ಲಿದ್ದೆ. ಮೂಲೆ ಕಾಟಿಗೆ ಅಂದಷ್ಟೇ ಸೇರಿದ್ದ ಹೆಂಗಸಿಗೆ ಮರುದಿನ ಬೆಳಿಗ್ಗೆ ಗರ್ಭಚೀಲದ ಆಪರೇಷನ್. ಸಂಜೆ ಹೊಟ್ಟೆ ತೊಳೆಯಲು ಎನಿಮಾ ಕೊಡಬೇಕಾಗಿತ್ತು. ಹಿರಿಯ ಸಿಸ್ಟರ್ ಮುಂದೆ ಅದನ್ನು ಮಾಡಿ ಸೈ ಅನ್ನಿಸಿಕೊಂಡಿದ್ದೆ; ಅದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. "ಹೋಗು, ತಯಾರಿ ಮಾಡಿ ಕೊಟ್ಟ ಬಾ" ಅಂದರು.

ಅತ್ತ ಏನಾಗಿತ್ತೆಂದರೆ, ಆಪರೇಷನ್ ಸುದ್ದಿ ಕೇಳಿ ಆ ಹೆಂಗಸಿನ ಬೀಗತಿ, ಅಂದರೆ ಮಗಳ ಅತ್ತೆ, ಬಸ್ಸಿನಲ್ಲಿ ಬಂದಿಳಿದಿದ್ದರು. ಗಂಡಿನ ಕಡೆಯ ಬೀಗತಿ! ಸ್ಟೂಲಿನ ಮೇಲೆ ಕೂಡಿಸಲಾದೀತೇ? ಆಸ್ಪತ್ರೆಯಾದರೇನು, ಮರ್ಯಾದೆ ಮರ್ಯಾದೆಯೇ. ನಾಳೆ ಹೊಟ್ಟೆ ಕೊಯ್ಸಿಕೊಳ್ಳಬೇಕಾದ ಹೆಂಗಸು ಕಾಟಿನಿಂದ ಇಳಿದು, ಚಾದರ ಝಾಡಿಸಿ, "ದಣದ ಬಂದೀರಿ, ಅಡ್ಡಾಗ್ರಿ ಬೀಗರ" ಎಂದು ಅವರನ್ನು ಅಲ್ಲಿ ಮಲಗಿಸಿದ್ದಳು. ಮಗಳನ್ನು ಚಹಾ ಭಜಿ ತರಲು ಹೋಟೆಲಿಗೆ ಓಡಿಸಿ, ತಾನು ತಾಟು ತೊಳೆಯಲು ನಳದ ಕಡೆ ಹೋಗಿದ್ದಳು.

ನಾನು ಸಾಮಾನು ಹಿಡಿದು ಬಂದು ನೋಡಿದರೆ ಮೂಲೆ ಕಾಟಿನಲ್ಲಿ ಇಳಕಲ್ ಸೀರೆಯ ಒಬ್ಬ ಹಿರಿಯ ಹೆಂಗಸು ಗಂಭೀರವಾಗಿ ಮಲಗಿದ್ದರು. ಕೇಳದೆ ಏನನ್ನೂ ಮಾಡಬಾರದೆಂದು ನಾನು ಅಷ್ಟು ಹೊತ್ತಿಗೆ ಕಲಿತಿದ್ದೆ. ಕೇಳಿದೆ.

"ಅವ್ವಾರ, ಆಪರೇಷನ್ ನಾಳಿ ಅಲ್ಲೇನ್ರಿ?"

"ಹೂಂ. ನಾಳಿ ಮುಂಜಾನಿ."

ಪರದೆ ಎಳೆದೆ. "ಎಡಕ್ಕ ಹೊಳ್ಳಿ ಮಲಗ್ರಿ." ಮಲಗಿದರು. ಏನು ಮಾಡುತ್ತೇನೆಂದು ವಿವರಿಸಿ ಹೇಳಿದೆ. ಅವರು ಕತ್ತು ಹೊರಳಿಸಿ ನನ್ನನ್ನು ನೋಡಿದರು.

"ಇಲ್ಲೆ ಬಂದವ್ರಿಗೆ ಇದನ್ನ ಮಾಡ್ತೀರೇನವ್ವಾ?"

"ಮಾಡ್ಲೇಬೇಕಲ್ರಿ."

"ಹಂಗಾರ ಮಾಡು."

ತೊಟ್ಟು ನೀರು ಹೊರಗೆ ಚೆಲ್ಲಲಿಲ್ಲ. ಪುಸ್ತಕದಲ್ಲಿ ಬರೆದ ಹಾಗೆ, ಬರೆದದ್ದಕ್ಕಿಂತ ಚೆನ್ನಾಗಿ ಮಾಡಿದೆ. ಅವರು ಎದ್ದು, ಸೆರಗು ಸರಿಮಾಡಿಕೊಂಡು, ಆ ವಯಸ್ಸಿಗೆ ಆಶ್ಚರ್ಯವಾಗುವಂಥ ಚುರುಕಿನಲ್ಲಿ ಪಾಯಖಾನೆಗೆ ನಡೆದರು. ನಾನು ಹೆಮ್ಮೆಯಿಂದ ಸಾಮಾನು ಎತ್ತಿಕೊಳ್ಳುತ್ತಿದ್ದಾಗ, ತೊಳೆದ ತಾಟು ಹಿಡಿದ ಒಬ್ಬ ಹೆಂಗಸೂ ಚಹಾದ ಕಿಟ್ಲಿ ಹಿಡಿದ ಒಬ್ಬ ಹುಡುಗಿಯೂ ಬಂದು ಖಾಲಿ ಕಾಟು ನೋಡಿದರು.

"ನಮ್ಮ ಬೀಗತಿ ಎಲ್ಲಿ ಹೋದ್ರವ್ವಾ?"

"ಯಾವ ಬೀಗತಿ?"

"ನನ್ನ ಕಾಟಿನ ಮ್ಯಾಲ ಮಲಗಿಸಿದ್ನೆಲ್ಲ?"

ಖಾಲಿ ಕಾಟನ್ನೂ ಕೈಯಲ್ಲಿದ್ದ ಸಾಮಾನನ್ನೂ ನೋಡಿದೆ. ಒಂದು ಕ್ಷಣ ಕೆಟ್ಟ ವಿಚಾರ ಬಂತು: ಯಾರೂ ನೋಡಿಲ್ಲ. ಬೀಗತಿಗೂ ಇದು ತಪ್ಪೆಂದು ಗೊತ್ತಿಲ್ಲ. ಸುಮ್ಮನಿದ್ದರೆ ಮುಗಿಯಿತು. ಆದರೆ ಅವರಿಗೆ ಹೃದಯದ ತೊಂದರೆ ಇದ್ದರೆ? ಒಳಗೆ ಎಲ್ಲಾದರೂ ತಲೆ ತಿರುಗಿ ಬಿದ್ದರೆ? ನಾನು ಓಡಿದೆ. ಹಿರಿಯ ಸಿಸ್ಟರ್ ಮುಂದೆ ನಿಂತು ಬಾಯಿಂದ ಬಂದದ್ದು ಇಷ್ಟೇ.

"ಸಿಸ್ಟರ್, ಬೀಗತಿಗೆ ಕೊಟ್ಟಬಿಟ್ಟೆ."

ಅವರು ಕನ್ನಡಕ ಇಳಿಸಲೂ ಹೊತ್ತು ಮಾಡದೆ ನನ್ನ ಹಿಂದೆಯೇ ಬಂದರು. ಹೊರಗೆ ಬಂದ ಬೀಗತಿಯನ್ನು ಕೂಡಿಸಿ ನಾಡಿ ನೋಡಿದರು, ಬಿಪಿ ನೋಡಿದರು, ಹಳೆಯ ಬೇನೆಗಳನ್ನೆಲ್ಲ ವಿಚಾರಿಸಿದರು, ಡಾಕ್ಟರನ್ನೂ ಕರೆಸಿದರು. ಏನೂ ತೊಂದರೆ ಇರಲಿಲ್ಲ. ಆಮೇಲೆ ಕೈ ಮುಗಿದು, "ಅವ್ವಾರ, ನಮ್ಮ ಕಡಿಂದ ತಪ್ಪಾಗೇತಿ. ಅದು ನಿಮಗ ಕೊಡೂದಲ್ಲರಿ, ನಿಮ್ಮ ಬೀಗರಿಗೆ ಕೊಡೂದು" ಎಂದು ಬಿಡಿಸಿ ಹೇಳಿದರು. ರೋಗಿ ತಾಟು ಕೈಬಿಟ್ಟು ನೆಲಕ್ಕೆ ಕುಸಿದಳು. ಕಿಟ್ಲಿ ಹಿಡಿದ ಮಗಳ ಮುಖ ಬಿಳಿಚಿಹೋಯಿತು. ಇನ್ನು ಗಂಡನ ಮನೆಯಲ್ಲಿ ತನ್ನ ಗತಿ ಏನು ಅಂತ ಆಕೆಗೆ.

"ನೀವರ ಬ್ಯಾಡ ಅನ್ಬೇಕಿಲ್ಲೇನ್ರಿ?" ಹಿರಿಯ ಸಿಸ್ಟರ್ ಕೇಳಿದರು.

"ಹೆಂಗ ಅನ್ಲಿ? ಬೀಗರು ಕಾಟ್ ಬಿಟ್ಟ ಕೊಟ್ರು, ಚಾ ತರಾಕ ಕಳಿಸಿದ್ರು. ಇದೂ ಅವರ ಹೇಳಿ ಮಾಡಸಾಕತ್ತಾರ ಅನ್ಕೊಂಡ್ಯಾ. ಬ್ಯಾಡ ಅಂದ್ರ ಬೀಗರು ಬ್ಯಾಸರ ಮಾಡ್ಕೋತಾರಲ್ಲ."

ಹಿರಿಯ ಸಿಸ್ಟರ್ ನನ್ನನ್ನು ವರಾಂಡಕ್ಕೆ ಕರೆದೊಯ್ದರು. ಅವರ ತುಟಿ ಯಾಕೋ ಅದುರುತ್ತಿತ್ತು, ಸಿಟ್ಟಿಗೋ ನಗುವಿಗೋ ತಿಳಿಯಲಿಲ್ಲ.

"ಯಾರರ ನೋಡಿದ್ರೇನು?"

"ಇಲ್ರಿ."

"ಮತ್ತ್ಯಾಕ ಬಂದ ಹೇಳಿದಿ?"

"ಅವರಿಗೆ ಏನರ ಆಗಿದ್ರ ಅಂತ..." ಮುಂದಿನದು ಅಳುವಿನಲ್ಲಿ ಹೋಯಿತು.

"ಹೆಸರ ಕೇಳಲಾರದ ಕೈ ಹಚ್ಚೀದಿ, ಅದಕ್ಕ ಈ ವಾರ್ಡಿನ ಡ್ಯೂಟಿ ಪೂರಾ ಮತ್ತೊಮ್ಮೆ ಮಾಡಬೇಕು. ಕಾಲೇಜಿಗೂ ಹೇಳ್ತೇನಿ. ಆದ್ರ ಓಡಿ ಬಂದ ಹೇಳೀದೆಲ್ಲ, ಅದಕ್ಕ ನಿನ್ನ ನಾ ಮನಿಗೆ ಹೋಗಾಕ ಬಿಡಾಂಗಿಲ್ಲ. ಕಣ್ಣ ಒರಸ್ಕೋ. ಖರೆ ಪೇಶಂಟ್‌ಗೆ ಇನ್ನೂ ಕೊಡೂದೈತಿ."

ಶಿಕ್ಷೆ ಕೇಳಿ ಅಷ್ಟು ಸಂತೋಷಪಟ್ಟವಳು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಮನೆಗೆ ಹೋಗಲು ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ ಅನ್ನುವುದು ಆಗಲೇ ಗೊತ್ತಾದದ್ದು. ಮುಖ ತೊಳೆದುಕೊಂಡು ಹೊಸ ಸಾಮಾನು ತಂದೆ. ಈ ಸಲ ಹಿರಿಯ ಸಿಸ್ಟರ್ ಪಕ್ಕದಲ್ಲೇ ನಿಂತರು. ಕಾಟಿನ ಮೇಲಿದ್ದವಳಿಗೆ ನಿಮ್ಮ ಹೆಸರು ಹೇಳಿರಿ ಅಂದೆ, ಗಂಡನ ಹೆಸರು ಕೇಳಿದೆ, ಊರು ಕೇಳಿದೆ, ಆಪರೇಷನ್ ಯಾರಿಗೆ ಅಂತಲೂ ಕೇಳಿದೆ. ಎಲ್ಲ ಸರಿಯಿತ್ತು. ಆದರೆ ಅವಳು ಚಾದರ ಹೊದ್ದು ಗೋಡೆಗೆ ಸರಿದಳು. "ನಾ ಒಲ್ಲೆ. ಈ ಹುಡುಗಿ ಕಡಿಂದ ಅಂತೂ ಒಲ್ಲೇ ಒಲ್ಲೆ."

ಸ್ಟೂಲಿನ ಮೇಲೆ ಕುಳಿತು ಭಜಿ ತಿನ್ನುತ್ತಿದ್ದ ಬೀಗತಿ ಬಾಯಿ ಒರೆಸಿಕೊಂಡು ಎದ್ದರು.

"ಸುಮ್ನ ಮಾಡಿಸ್ಕೋರಿ ಬೀಗರ. ಹುಡುಗಿ ಕೈಗುಣ ಭಾಳ ಚಲೋ ಐತಿ. ನನಗ ಎಷ್ಟ ದಿವಸದಿಂದ ಹೊಟ್ಟಿ ಬಿಗದಿತ್ತು, ಈಗ ಹೂವಿನಂಗ ಹಗರ ಆಗೇತಿ." ಆಮೇಲೆ ಇನ್ನೂ ಕಿಟ್ಲಿ ಹಿಡಿದು ಅಳುತ್ತಿದ್ದ ಸೊಸೆಯ ಕಡೆ ತಿರುಗಿದರು. "ನೀ ಯಾಕ ಅಳ್ತಿ? ಲಗ್ನದಾಗ ನಿಮ್ಮ ಮನ್ಯಾಗ ನಮಗ ಏನೂ ಉಪಚಾರ ಮಾಡ್ಲಿಲ್ಲ ಅಂತ ಇಷ್ಟ ದಿವಸ ಆಡ್ಕೋತಿದ್ನೆಲ್ಲ, ಇವತ್ತ ಅದು ಪೂರಾ ತೀರಿತು ನೋಡು!"